ಏರ್‌ಗನ್‌ಗೆ ಕಡಿಮೆ ಬೆಲೆಯ ಸ್ಕೋಪ್: ಬಳಸಿದವರ ಅನುಭವ

ಸುಂಟಿಕೊಪ್ಪದಿಂದ ಪ್ರಶ್ನೆ

ಮನೆಯಲ್ಲಿ 4.5 ಮಿ.ಮೀ. ಸ್ಪ್ರಿಂಗ್ ಏರ್‌ಗನ್ ಇದೆ. ಬ್ಯಾರಲ್ ಮಡಚಿ ಲೋಡ್ ಮಾಡುವಂಥದ್ದು. ಅಪ್ಪನಿಗೆ ಈಗ ಗನ್ನಿನ ಗುರಿ ನೋಡುವ ಸೈಟ್ ಮಸುಕಾಗಿ ಕಾಣುತ್ತದೆ, ಅದಕ್ಕೆ ಸ್ಕೋಪ್ (ಗುರಿಯನ್ನು ದೊಡ್ಡದಾಗಿ ತೋರಿಸುವ ದುರ್ಬೀನು) ಹಾಕಿಸೋಣ ಅಂತ. ಮನೆ ಮುಂದಿನ ಕಣದಲ್ಲಿ 10ರಿಂದ 25 ಮೀಟರ್ ದೂರಕ್ಕೆ ಡಬ್ಬ, ಕಾಗದದ ಗುರಿ ಹೊಡೆಯುವುದು ಅಷ್ಟೇ. ಬಜೆಟ್ ಹೆಚ್ಚೆಂದರೆ ಐದಾರು ಸಾವಿರ. ಅಂಗಡಿಯಲ್ಲಿ 3-9×40 (ಅಂದರೆ 3ರಿಂದ 9 ಪಟ್ಟು ಪವರ್, ಮುಂದಿನ ಲೆನ್ಸ್ 40 ಮಿ.ಮೀ.) ತೋರಿಸಿದರು. ಆನ್‌ಲೈನ್‌ನಲ್ಲಿ ಸುಮಾರು ಅದೇ ಬೆಲೆಗೆ 6-24×50 ಕೂಡ ಇದೆ. ಯಾವುದು ತಗೊಳ್ಳಲಿ? ಬಳಸಿದವರು ಹೇಳಿ.

ಪೊನ್ನಂಪೇಟೆಯಿಂದ

6-24 ಬೇಡವೇ ಬೇಡ. ದೂರ ಎಷ್ಟು ಹತ್ತಿರ ತರುತ್ತೆ ಅನ್ನೋದನ್ನು ಆಮೇಲೆ ನೋಡಿ. ನಿಮ್ಮ ಗನ್‌ಗೆ ಮೊದಲು ಬೇಕಾದ್ದು ಎರಡು: ಸ್ಪ್ರಿಂಗ್‌ನ ಒದೆತ ತಾಳಬೇಕು, 10 ಮೀಟರ್‌ನಲ್ಲಿ ಸ್ಪಷ್ಟವಾಗಿ ಕಾಣಬೇಕು.

ಕೋವಿ ಹೊಡೆದಾಗ ಹಿಂದಕ್ಕೆ ಒದೆಯುತ್ತದೆ, ಅಲ್ಲಿಗೆ ಮುಗಿಯಿತು. ಸ್ಪ್ರಿಂಗ್ ಏರ್‌ಗನ್ ಹಾಗಲ್ಲ. ಟ್ರಿಗರ್ ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಗನ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಸಿಲಿಂಡರ್ ತುದಿಗೆ ಬಂದು ನಿಂತಾಗ ಇಡೀ ಗನ್ ಮುಂದಕ್ಕೆ ಜಗ್ಗುತ್ತದೆ. ಒಂದು ಹೊಡೆತಕ್ಕೆ ಎರಡು ಕಡೆಯ ಏಟು. ಕೋವಿಗೆಂದು ಮಾಡಿದ ಎಷ್ಟೋ ಸ್ಕೋಪ್‌ಗಳಲ್ಲಿ ಲೆನ್ಸ್ ಬಿಗಿ ಮಾಡಿರುವುದು ಹಿಂದಿನ ಏಟನ್ನು ಲೆಕ್ಕ ಹಾಕಿ. ಮುಂದಕ್ಕೆ ಜಗ್ಗಿದಾಗ ಲೆನ್ಸ್ ಸಡಿಲವಾಗುತ್ತದೆ, ಒಳಗಿನ ಕ್ರಾಸ್ ಗೆರೆ ತಿರುಗುತ್ತದೆ ಅಥವಾ ತುಂಡಾಗುತ್ತದೆ. ಕೋವಿಯ ಮೇಲೆ ಚೆನ್ನಾಗಿದ್ದ ದುಬಾರಿ ಸ್ಕೋಪ್ ಏರ್‌ಗನ್ ಮೇಲೆ ಕೆಟ್ಟುಹೋಗುವುದು ಇದಕ್ಕೇ. ಹಾಗಾಗಿ ಪೆಟ್ಟಿಗೆ ಮೇಲೆ ‘ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತದೆ’ ಅಂತ ಇದೆಯಾ ನೋಡಿ. ಗಾಳಿ ತುಂಬಿಸುವ ಪಿಸಿಪಿ ಗನ್ ಆಗಿದ್ದರೆ ಈ ಚಿಂತೆಯೇ ಇರುತ್ತಿರಲಿಲ್ಲ, ಅದಕ್ಕೆ ಒದೆತ ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಎರಡನೆಯದು, ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗುರಿಯ ಮೇಲೆ ಗೆರೆಯೂ ಸರಿದಂತೆ ಕಾಣುವುದು. ಕೋವಿಯ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದರಲ್ಲಿ 10 ಮೀಟರ್ ದೂರದ ಡಬ್ಬ ನೋಡಿದರೆ ಚಿತ್ರ ಮಬ್ಬು. ಅದಕ್ಕಿಂತ ಕೆಟ್ಟದ್ದು, ನೀವು ತಲೆ ಸ್ವಲ್ಪ ಅಲ್ಲಾಡಿಸಿದರೂ ಕ್ರಾಸ್ ಗೆರೆ ಗುರಿಯ ಮೇಲೆ ಓಡಾಡುತ್ತದೆ. ಪರೀಕ್ಷೆ ಸುಲಭ. ಅಂಗಡಿಯಲ್ಲೇ ಸ್ಕೋಪನ್ನು ಎರಡು ಪುಸ್ತಕದ ನಡುವೆ ಅಲುಗದಂತೆ ಇಡಿ. ಎದುರಿನ ಗೋಡೆಯ ಮೇಲೆ ಒಂದು ಚುಕ್ಕಿ ನೋಡಿ. ಸ್ಕೋಪ್ ಮುಟ್ಟದೆ ಕಣ್ಣು ಮಾತ್ರ ಆಚೀಚೆ ಸರಿಸಿ. ಗೆರೆ ಚುಕ್ಕಿಯನ್ನು ಬಿಟ್ಟು ಓಡಿದರೆ ಆ ದೂರಕ್ಕೆ ಅದು ಆಗಲ್ಲ.

ಇದಕ್ಕೆ ಪರಿಹಾರ ‘ಎಒ’ (ಅಡ್ಜಸ್ಟಬಲ್ ಆಬ್ಜೆಕ್ಟಿವ್) ಇರುವ ಸ್ಕೋಪ್. ಮುಂದಿನ ಲೆನ್ಸಿನ ಸುತ್ತ ತಿರುಗಿಸುವ ಬಳೆ ಇರುತ್ತದೆ, ಅದರ ಮೇಲೆ 10 ಗಜ, 20, 30 ಅಂತ ಬರೆದಿರುತ್ತದೆ. ಬಳೆಯಲ್ಲಿ 10 ಇದೆಯಾ ಅಂತ ಕಣ್ಣಾರೆ ನೋಡಿಯೇ ತಗೊಳ್ಳಿ. ಕೆಲವು 50ರಿಂದ ಶುರುವಾಗುತ್ತವೆ.

ನನ್ನ ಆಯ್ಕೆ 3-9×40 ಎಒ. ತೋಟದ ಮರದ ನೆರಳಲ್ಲಿ ಬೆಳಕು ಕಡಿಮೆ, ಅಲ್ವಾ? ಮುಂದಿನ ಲೆನ್ಸಿನ ಅಳತೆಯನ್ನು ಪವರ್‌ನಿಂದ ಭಾಗಿಸಿ ನೋಡಿ. ಕಣ್ಣಿಗೆ ಬರುವ ಬೆಳಕಿನ ವೃತ್ತ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. 40 ಲೆನ್ಸ್ 4 ಪವರ್‌ನಲ್ಲಿ 10 ಮಿ.ಮೀ., 9ರಲ್ಲಿ ಸುಮಾರು 4.4. 50 ಲೆನ್ಸ್ 24 ಪವರ್‌ನಲ್ಲಿ ಬರೀ 2. ಸಂಜೆ ಆ ಕಿಂಡಿಯಲ್ಲಿ ಏನೂ ಕಾಣಲ್ಲ. ಜೊತೆಗೆ ಅಷ್ಟು ಪವರ್‌ನಲ್ಲಿ ನಿಮ್ಮ ಉಸಿರಾಟವೂ ಭೂಕಂಪದಂತೆ ಕಾಣುತ್ತದೆ.

ನಾಪೋಕ್ಲಿನಿಂದ

ಒದೆತದ ವಿಷಯ ಪೊನ್ನಂಪೇಟೆಯವರು ಸರಿಯಾಗಿ ಹೇಳಿದ್ದಾರೆ. ಆದರೆ ವಯಸ್ಸಾದವರಿಗೆ ನಾನು 4×32 ಫಿಕ್ಸೆಡ್ (ಪವರ್ ಬದಲಾಗದ) ಅನ್ನೇ ಹೇಳುತ್ತೇನೆ. ತಿರುಗಿಸುವ ಬಳೆ ಕಡಿಮೆ ಇದ್ದಷ್ಟೂ ಸಡಿಲವಾಗುವ ಜಾಗವೂ ಕಡಿಮೆ. ಏರ್‌ಗನ್‌ಗೆಂದೇ ಮಾಡಿದ 4×32ರಲ್ಲಿ ಪ್ಯಾರಲಾಕ್ಸ್ ಸುಮಾರು 30-35 ಗಜಕ್ಕೆ ಹೊಂದಿಸಿರುತ್ತಾರೆ, ಕಡಿಮೆ ಪವರ್ ಆದ್ದರಿಂದ 10 ಮೀಟರ್‌ನಲ್ಲೂ ತೊಂದರೆ ಅನ್ನಿಸಲ್ಲ. ಉಳಿದ ದುಡ್ಡನ್ನು ಸ್ಕೋಪನ್ನು ಗನ್ನಿಗೆ ಹಿಡಿದಿಡುವ ಮೌಂಟ್‌ಗೆ ಹಾಕಿ. 4×20 ಅಂತ ತೆಳ್ಳಗಿನ ಕೊಳವೆಯದ್ದು ಬರುತ್ತದಲ್ಲ, ಅದನ್ನು ಮಾತ್ರ ಪುಕ್ಕಟೆ ಕೊಟ್ಟರೂ ಹಾಕಬೇಡಿ.

ಮೌಂಟ್ ಬಗ್ಗೆ ಯಾರೂ ಕೇಳಲ್ಲ, ಆದರೆ ನಾನು ನೋಡಿದ ಗನ್‌ಗಳಲ್ಲಿ ‘ಸ್ಕೋಪ್ ಕೆಟ್ಟಿದೆ’ ಅಂದಾಗೆಲ್ಲ ಹೆಚ್ಚಾಗಿ ಕೆಟ್ಟಿದ್ದು ಮೌಂಟ್. ಹೆಚ್ಚಿನ ಏರ್‌ಗನ್‌ಗಳ ಮೇಲೆ ಇರುವುದು 11 ಮಿ.ಮೀ. ಡವ್‌ಟೇಲ್ ತೋಡು. ಆನ್‌ಲೈನ್‌ನಲ್ಲಿ ಸ್ಕೋಪ್ ಜೊತೆ ಬರುವ ರಿಂಗ್ ಎಷ್ಟೋ ಸಲ ಅಗಲದ ಪಿಕಟಿನಿ ರೈಲ್‌ಗೆ ಮಾಡಿದ್ದು. ಅದು ಕೂರುವುದೇ ಇಲ್ಲ. ಎರಡು ಬಿಡಿ ರಿಂಗ್ ಬದಲು ಒಂದೇ ತುಂಡಿನ ಮೌಂಟ್ ತಗೊಳ್ಳಿ. ಕೆಳಗೆ ಸ್ಟಾಪ್ ಪಿನ್ ಇರಲಿ. ಒದೆತಕ್ಕೆ ಸ್ಕೋಪ್ ನಿಧಾನ ಹಿಂದಕ್ಕೆ ಜಾರುತ್ತದೆ, ಈ ಪಿನ್ ಗನ್ ಮೇಲಿನ ತೂತಿಗೆ ಇಳಿದು ಅದನ್ನು ತಡೆಯುತ್ತದೆ. ಕೂರಿಸುವ ಮೊದಲು ಆ ತೋಡಿನ ಎಣ್ಣೆಯನ್ನು ಸ್ಪಿರಿಟ್ ಹಾಕಿ ಒರೆಸಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಒಂದೇ ಕಡೆ ಬಲ ಹಾಕಿದರೆ ಸ್ಕೋಪಿನ ಕೊಳವೆ ಅಮುಕಿಹೋಗುತ್ತದೆ.

ಮತ್ತೆ ಗನ್ನಿನ ಹಿಡಿಯಾದ ಸ್ಟಾಕ್‌ನ ಸ್ಕ್ರೂ. ಅದು ಸಡಿಲವಿದ್ದರೆ ಎಂಥ ಸ್ಕೋಪ್ ಹಾಕಿದರೂ ಗುಂಡು ಒಂದೇ ಕಡೆ ಬೀಳಲ್ಲ.

ಮಡಿಕೇರಿಯಿಂದ

ನಮ್ಮ ಮಳೆ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೂ ಬೆವರುತ್ತದೆ. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ ಸ್ಕೋಪ್ ಆದರೆ ಒಳಗಡೆ ಮಂಜು ಕಟ್ಟಲ್ಲ. ಸೀಲ್ ಇಲ್ಲದ ಅಗ್ಗದ ಸ್ಕೋಪಿನಲ್ಲಿ ತೇವ ಸೇರಿ, ಲೆನ್ಸಿನ ಒಳಮೈಯಲ್ಲಿ ಬೂಷ್ಟು ಬಲೆಯಂತೆ ಹರಡುತ್ತದೆ. ಆಮೇಲೆ ಅದನ್ನು ತೆಗೆಯಲು ಸ್ಕೋಪನ್ನೇ ಬಿಚ್ಚಬೇಕು, ಬಿಚ್ಚಿದರೆ ಮುಗಿಯಿತು. ಮಳೆಗಾಲದಲ್ಲಿ ಗನ್ನನ್ನು ಬಟ್ಟೆ ಚೀಲದಲ್ಲಿ ಸುತ್ತಿ ಇಡಬೇಡಿ, ಬಟ್ಟೆ ತೇವ ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಪೆಟ್ಟಿಗೆಯಲ್ಲಿಡಿ.

ದೊಡ್ಡ ಕಂಪನಿಗಳ ಹೆಸರು ಹಾಕಿದ ನಕಲಿ ಮಾಲು ಬಹಳ ಇದೆ. ಒಂದು ಒಳ್ಳೆ ಕಂಪನಿಯ ಸ್ಕೋಪ್ ಕಾಲು ಬೆಲೆಗೆ ಸಿಗುತ್ತಿದೆ ಅಂದರೆ ಅದು ಆ ಕಂಪನಿಯದ್ದಲ್ಲ. ಬಿಲ್ ಮತ್ತು ವಾರಂಟಿ ಕೊಡುವವರ ಹತ್ತಿರ, ಹೆಸರಿಲ್ಲದಿದ್ದರೂ ಸರಿ, ಏರ್‌ಗನ್‌ಗೆ ಅಂತ ಬರೆದುಕೊಡುವುದನ್ನು ತಗೊಳ್ಳಿ.

ಕುಶಾಲನಗರದಿಂದ

ಹಾಕಿದ ಮೇಲೆ ಜೀರೋ ಮಾಡುವುದು, ಅಂದರೆ ಗೆರೆ ತೋರಿಸಿದ ಕಡೆಯೇ ಗುಂಡು ಬೀಳುವಂತೆ ಹೊಂದಿಸುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಮೊದಲು 10 ಮೀಟರ್‌ನಲ್ಲಿ ದೊಡ್ಡ ಕಾಗದ ಕಟ್ಟಿ. ಹಿಂದೆ ಮಣ್ಣಿನ ದಿಬ್ಬ ಇರಲಿ, ತೋಟದ ಕೆಲಸದವರ ಲೈನ್ ಮನೆಯ ದಿಕ್ಕು ಬೇಡವೇ ಬೇಡ. ಒಂದು ಗುಂಡು ನೋಡಿ ಟರೆಟ್ (ಗೆರೆ ಸರಿಸುವ ತಿರುಪು) ತಿರುಗಿಸಬೇಡಿ, ಐದು ಹೊಡೆದು ಅವುಗಳ ನಡು ಎಲ್ಲಿದೆ ನೋಡಿ. ಹೆಚ್ಚಿನ ಸ್ಕೋಪ್‌ಗಳಲ್ಲಿ ಒಂದು ಕ್ಲಿಕ್ ಅಂದರೆ 100 ಗಜಕ್ಕೆ ಕಾಲು ಇಂಚು. 10 ಮೀಟರ್‌ಗೆ ಅದು ಸುಮಾರು 0.7 ಮಿ.ಮೀ. ಮಾತ್ರ. ಗುಂಡು ಒಂದು ಸೆಂಟಿಮೀಟರ್ ಆಚೆ ಬಿದ್ದರೆ ಹದಿನಾಲ್ಕು ಕ್ಲಿಕ್ ಬೇಕು. ‘ಎಷ್ಟು ತಿರುಗಿಸಿದರೂ ಬರ್ತಿಲ್ಲ’ ಅಂತ ಗಾಬರಿ ಬೀಳುವವರಿಗೆ ಈ ಲೆಕ್ಕ ಗೊತ್ತಿರಲ್ಲ.

ಆಮೇಲೆ 25 ಮೀಟರ್‌ಗೆ ಹೋಗಿ ಅಲ್ಲಿ ಗಟ್ಟಿ ಮಾಡಿ. ಸ್ಕೋಪ್ ಬ್ಯಾರಲ್‌ಗಿಂತ ನಾಲ್ಕು ಸೆಂಟಿಮೀಟರ್‌ನಷ್ಟು ಮೇಲಿರುವುದರಿಂದ ತೀರಾ ಹತ್ತಿರ, ಐದು ಮೀಟರ್‌ನಲ್ಲಿ ಹೊಡೆದರೆ ಗುಂಡು ಎರಡು ಸೆಂಟಿಮೀಟರ್‌ನಷ್ಟು ಕೆಳಗೆ ಬೀಳುತ್ತದೆ. ಅದು ಸ್ಕೋಪಿನ ದೋಷವಲ್ಲ. ಗನ್ನನ್ನು ಗಟ್ಟಿಯಾಗಿ ಹಿಡಿಯಬೇಡಿ, ಎಡ ಅಂಗೈ ಮೇಲೆ ಸುಮ್ನೆ ಕೂರಿಸಿ, ಅದು ತನ್ನಷ್ಟಕ್ಕೆ ಅಲುಗಲಿ. ಪೆಲೆಟ್, ಅಂದರೆ ಗುಂಡಿನ ಬ್ರ್ಯಾಂಡ್ ಬದಲಾಯಿಸಿದರೆ ಮತ್ತೆ ಜೀರೋ ನೋಡಬೇಕು.

ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಸಮಯದಲ್ಲಿ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ, ಕೆಲವು ಕಡೆ ಏರ್‌ಗನ್‌ನಲ್ಲಿ ಮೊಟ್ಟೆ ಹೊಡೆಯುವುದೂ ಇದೆ. ಅಪ್ಪನಿಗೆ ಆಸೆ ಇದ್ದರೆ, ಸ್ಕೋಪ್ ಬಿಡುತ್ತಾರಾ ಅಂತ ನಡೆಸುವವರನ್ನು ಮೊದಲೇ ಕೇಳಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಂತೂ ಸ್ಕೋಪ್‌ಗೆ ಅವಕಾಶ ಇಲ್ಲ.

ಕಾನೂನು: 4.5 ಮಿ.ಮೀ.ಗೆ ಮೀರದ, 20 ಜೌಲ್ ಒಳಗಿನ ಏರ್‌ಗನ್‌ಗೆ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಲೈಸೆನ್ಸ್ ಬೇಕಿಲ್ಲ. ಆದರೆ ಸ್ಕೋಪ್ ಬಂತು ಅಂತ ಹಕ್ಕಿ, ಮಂಗ, ಕೆಂಚಳಿಲಿನ ಕಡೆ ತಿರುಗಿಸುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಗೆ ಅದು ಏರ್‌ಗನ್ನೋ ಕೋವಿಯೋ ಅನ್ನುವುದು ಬೇಕಾಗಿಲ್ಲ. ಮನೆಯ ಹುಡುಗರಿಗೂ ಇದನ್ನು ಹೇಳಿ.

ಸುಂಟಿಕೊಪ್ಪದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 10 ಗಜದಿಂದ ಶುರುವಾಗುವ 3-9×40 ಎಒ ಒಂದು ನೋಡಿದೆ. ಮೌಂಟ್ ಎತ್ತರ ಎಷ್ಟು ಇರಬೇಕು? ಅಪ್ಪ ಕನ್ನಡಕ ಹಾಕುತ್ತಾರೆ, ಅದರಿಂದ ತೊಂದರೆ ಆಗುತ್ತಾ?

ಪೊನ್ನಂಪೇಟೆಯಿಂದ

ಎಒ ಬಳೆ ದಪ್ಪ ಇರುವುದರಿಂದ ಮಧ್ಯಮ ಎತ್ತರದ ಮೌಂಟ್ ನೋಡಿ. ಬಳೆ ಗನ್ನಿಗೆ ತಾಗಬಾರದು, ಅಷ್ಟೇ. ಸ್ಕೋಪ್ ತೀರಾ ಮುಂದೆ ಚಾಚಿದರೆ ಬ್ಯಾರಲ್ ಮಡಚಿ ಪೆಲೆಟ್ ಇಡುವಾಗ ಬೆರಳಿಗೆ ಅಡ್ಡ ಬರುತ್ತದೆ, ಅದನ್ನೂ ಅಂಗಡಿಯಲ್ಲೇ ಇಟ್ಟು ನೋಡಿ.

ಕನ್ನಡಕದಿಂದ ತೊಂದರೆ ಇಲ್ಲ. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಮೂರನ್ನೂ ಒಟ್ಟಿಗೆ ನೋಡುವ ಕಷ್ಟ ಸ್ಕೋಪಿನಲ್ಲಿ ಇಲ್ಲ, ಗೆರೆ ಮತ್ತು ಗುರಿ ಒಂದೇ ದೂರದಲ್ಲಿ ಕಾಣುತ್ತವೆ. ಕಣ್ಣಿನ ಕಡೆಯ ಲೆನ್ಸ್ ತಿರುಗುತ್ತದೆ. ಅಪ್ಪ ಹೊಡೆಯುವಾಗ ಹಾಕುವ ಕನ್ನಡಕವನ್ನೇ ಹಾಕಿಕೊಂಡು ಬಿಳಿ ಗೋಡೆ ನೋಡಲಿ, ಗೆರೆ ಕಪ್ಪಗೆ ಚೂಪಾಗಿ ಕಾಣುವವರೆಗೆ ತಿರುಗಿಸಲಿ. ಇದನ್ನು ಅವರೇ ಮಾಡಬೇಕು, ನಿಮ್ಮ ಕಣ್ಣಿಗೆ ಹೊಂದಿಸಿ ಕೊಡಬೇಡಿ.