ಅಪ್‌ಡೇಟ್: ಮಿನಿಡಿವಿ ಟೇಪ್ ಕಂಪ್ಯೂಟರಿಗೆ ಇಳಿಯಿತು
ಅಪ್ಪನ ಹಳೇ ಮಿನಿಡಿವಿ (ಚಿಕ್ಕ ಡಿಜಿಟಲ್ ಟೇಪ್) ವಿಡಿಯೋ ಕ್ಯಾಮೆರಾವನ್ನು ಫೈರ್‌ವೈರ್ (ವಿಡಿಯೋ ಡೇಟಾ ಸಾಗಿಸುವ ಹಳೇ ಬಗೆಯ) ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿದರೆ ಪೋರ್ಟ್ ಸುಟ್ಟುಹೋಗುತ್ತದಾ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಕೆಲಸ ಆಯಿತು!

ನೀವು ಹೇಳಿದಂತೆ ಎರಡನ್ನೂ ಆಫ್ ಮಾಡಿಯೇ ಕೇಬಲ್ ಹಾಕಿದೆ. ಕಂಪ್ಯೂಟರ್ ಕಡೆಯ 6 ಪಿನ್ ಪ್ಲಗ್‌ನಲ್ಲಿ ಕರೆಂಟ್ ಕೂಡ ಇರುತ್ತದೆ. ಅದನ್ನು ಉಲ್ಟಾ ಒತ್ತಿದರೆ ಆ ಕರೆಂಟ್ ಡೇಟಾ ತಂತಿಗೆ ನುಗ್ಗಿ ಚಿಪ್ ಸುಡಬಹುದು. ಅದಕ್ಕೇ ಆಕಾರ ನೋಡಿ ಮೆಲ್ಲಗೆ ಕೂರಿಸಿದೆ. ಆಮೇಲೆ ಕಂಪ್ಯೂಟರ್ ಆನ್, ಕೊನೆಗೆ ಕ್ಯಾಮೆರಾ. ಬ್ಯಾಟರಿ ನಂಬಲಿಲ್ಲ, ಅಡಾಪ್ಟರ್ ಹಾಕಿದೆ.

ಒಂದು ಗಂಟೆಯ ಟೇಪ್ ಇಳಿಸಲು ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗವೂ ಬೇಕು. ಮೊದಲ ಟೇಪಿನಲ್ಲೇ ಅಜ್ಜಿಯ ದನಿ ಕೇಳಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಇನ್ನೂ 11 ಟೇಪ್ ಬಾಕಿ ಇವೆ.