ಕಿಚ್ಚು ಹಾಯಿಸುವ ಬಗ್ಗೆ ಪುಟ್ಟಿ ಕೇಳಿದ್ದಕ್ಕೆ

ಪುಟ್ಟಿ, ನಿನ್ನ ಮೆಸೇಜು ಬೆಳಗ್ಗೆಯೇ ಬಂದಿತ್ತು. ಟೈಪ್ ಮಾಡುವುದು ನನ್ನ ಕೈಲಾಗಲ್ಲ, ಅದಕ್ಕೆ ಮಾತಾಡುತ್ತಿದ್ದೇನೆ. ಸಂಕ್ರಾಂತಿಗೆ ಊರಿಗೆ ಬರುತ್ತೀಯ. ನಿನ್ನ ಮಗ ಎತ್ತು ಹಿಡಿದು ಕಿಚ್ಚು ಹಾಯಲೇಬೇಕು ಅಂತ ಹಟ ಮಾಡುತ್ತಿದ್ದಾನೆ. ಬೆಂಕಿ ಅಂದರೆ ನಿನಗೆ ಭಯ. ಮೂಕ ಪ್ರಾಣಿಗೆ ಯಾಕೆ ಈ ಹಿಂಸೆ ಅಂತ ನಿನ್ನ ಗಂಡ ಬೇರೆ ಕೇಳುತ್ತಾರೆ. ಇಷ್ಟೇ ತಾನೆ?

ಬೆಂಕಿ ಬಿಡು. ನೆಲ್ಲುಹುಲ್ಲಿನ ಬೆಂಕಿ ಅದು. ಭಗ್ ಅಂತ ಏಳುತ್ತದೆ, ಎತ್ತು ಹಾರಿ ಆ ಕಡೆ ಇಳಿಯುವಷ್ಟರಲ್ಲಿ ತಗ್ಗಿರುತ್ತದೆ. ಹೆದರಬೇಕಾದ್ದು ಹಗ್ಗಕ್ಕೆ. ಹಗ್ಗ ಕೈಗೆ ಸುತ್ತಿಕೊಳ್ಳಬಾರದು. ನಿಮ್ಮ ಚಿಕ್ಕಜ್ಜನ ಎಡಗೈಲಿ ಉಂಗುರದ ಬೆರಳು ಇಲ್ಲದ್ದನ್ನು ಎಲ್ಲರೂ ನೋಡಿದ್ದೀರಲ್ಲ? ಭತ್ತದ ಮೆಷೀನಿಗೆ ಸಿಕ್ಕಿತ್ತು ಅಂತ ಕೆಲವರು ಹೇಳಿಕೊಂಡು ಓಡಾಡುತ್ತಾರೆ. ಶುದ್ಧ ಸುಳ್ಳು. ನಾನು ಕಣ್ಣಾರೆ ಕಂಡವಳು.

ನಾನು ಆ ಮನೆಗೆ ಬಂದ ಹೊಸತು. ಮನೇಲಿ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಇತ್ತು, ಕೆಂದ ಮತ್ತು ಬಿಳಿಯ. ಬೆಳಗ್ಗೆ ವಿ.ಸಿ. ನಾಲೆಯಲ್ಲಿ, ಅದೇ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮೈ ತಿಕ್ಕಿ ತೊಳೆದರು. ನಮ್ಮ ಮಾವ ಸಾಯುವವರೆಗೂ ಅದನ್ನು ಇರ್ವಿನ್ ನಾಲೆ ಅಂತಲೇ ಅನ್ನುತ್ತಿದ್ದರು, ಹಳೇ ಹೆಸರು. ನಾನೇ ಅರಿಶಿನ ಕಲಸಿ ಎತ್ತುಗಳ ಮೈಗೆ ಬಳಿದೆ. ಕೊಂಬಿಗೆ ಬಣ್ಣ, ತುದಿಗೆ ಹಿತ್ತಾಳೆ ಕೊಂಬೆಣಸು, ಕೊರಳಿಗೆ ಚೆಂಡುಹೂವು. ಅಷ್ಟು ಸಾಲದು ಅಂತ ಯಾರೋ ಹುಡುಗರು ಬಲೂನು ಕಟ್ಟಿದರು. ಸಂಜೆ ಹುಲ್ಲು ಹರಡಿ ಕಿಚ್ಚು ಹಚ್ಚಿದರು. ಎತ್ತು ತಪ್ಪಿಸಿಕೊಂಡರೆ ಮರ್ಯಾದೆ ಹೋಗುತ್ತದೆ ಅಂತ ಚಿಕ್ಕಜ್ಜ ಹಗ್ಗವನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಂಡ. ಕಾವಿಗೆ ಬಲೂನು ಪಟ್ ಅಂದಿತು. ಕೆಂದ ನೇರ ಹಾರುವ ಬದಲು ಪಕ್ಕಕ್ಕೆ ತಿರುಗಿ ನಾಲೆ ಏರಿ ಕಡೆ ಓಡಿತು. ಇವನಿಗೆ ಹಗ್ಗ ಬಿಡಬೇಕು ಅಂದರೂ ಬಿಡಲು ಆಗಲ್ಲ. ಅರಳಿಕಟ್ಟೆವರೆಗೂ ಎಳೆದುಕೊಂಡು ಹೋಯಿತು. ನಾನು ಬೆಳಗ್ಗೆ ಬಳಿದ ಅರಿಶಿನ ಆ ಹಗ್ಗಕ್ಕೂ ಮೆತ್ತಿತ್ತು, ಅದರ ಮೇಲೆ ರಕ್ತ. ಮೈಮೇಲೆ ಒಂದೇ ಒಂದು ಬೊಬ್ಬೆ ಇರಲಿಲ್ಲ ಗೊತ್ತಾ, ಬೆಂಕಿ ಅವನನ್ನು ಮುಟ್ಟಿರಲೇ ಇಲ್ಲ. ಆಮೇಲೆ ಅದೇ ಕೆಂದನನ್ನು ಗಾಡಿಗೆ ಕಟ್ಟಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಬೇರೆ ಏನಿತ್ತು ಆಗ?

ಅದಕ್ಕೇ ಹೇಳುತ್ತಿದ್ದೇನೆ, ಮಕ್ಕಳಾಗಲಿ ದೊಡ್ಡವರಾಗಲಿ ಹಗ್ಗ ಕೈಗೆ ಸುತ್ತಿಕೊಳ್ಳಬಾರದು. ಮುಷ್ಟಿಯಲ್ಲಿ ಹಿಡಿಯಬೇಕು, ಎತ್ತು ಜಗ್ಗಿದರೆ ಬಿಟ್ಟುಬಿಡಬೇಕು. ಎತ್ತು ಎಲ್ಲಿಗೆ ಹೋಗುತ್ತದೆ? ಹೊಟ್ಟೆ ಹಸಿದರೆ ಕೊಟ್ಟಿಗೆಗೇ ಬರುತ್ತದೆ.

ಇನ್ನು ಅಳಿಯಂದಿರ ಪ್ರಶ್ನೆ. ಒಲ್ಲದ ಎತ್ತನ್ನು ಬಾಲ ಮುರಿದು ಹಾಯಿಸಿದರೆ ಅದು ಹಿಂಸೆಯೇ, ಅವರು ಹೇಳುವುದು ಸರಿ. ನಮ್ಮ ಮನೇಲಿ ಗಬ್ಬದ ಹಸುವನ್ನು, ಎಳೇ ಕರುವನ್ನು ಯಾವತ್ತೂ ಹಾಯಿಸಿಲ್ಲ. ಚಳಿಗಾಲದಲ್ಲಿ ಮೈಗೆ ಹತ್ತಿದ ಉಣ್ಣೆಹುಳ ಕಾವಿಗೆ, ಹೊಗೆಗೆ ಉದುರುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ನಮ್ಮತ್ತೆ ಮಾತ್ರ ದೃಷ್ಟಿ ಅನ್ನುತ್ತಿದ್ದರು. ಸಿಂಗಾರ ಮಾಡಿ ಊರೆಲ್ಲ ಮೆರೆಸಿದ್ದೀವಿ, ಎಷ್ಟು ಕಣ್ಣು ಬಿದ್ದಿರುತ್ತದೆ, ಕಿಚ್ಚು ದಾಟಿದರೆ ಪೀಡೆಯೆಲ್ಲ ಆ ಕಡೆಯೇ ಉಳಿಯುತ್ತದೆ ಅಂತ. ಸೂರ್ಯ ಮಕರ ರಾಶಿಗೆ ಬರುವ ದಿನ ಅಲ್ವಾ, ಉತ್ತರಾಯಣ. ಪ್ರಾಣ ಬಿಡಲು ಭೀಷ್ಮ ಕಾದಿದ್ದು ಇದಕ್ಕೇ. ಬೆಂಕಿ ಅಂದರೆ ಸೂರ್ಯನೇ ನೆಲಕ್ಕೆ ಇಳಿದ ಹಾಗೆ, ಆ ದೇವರ ಮುಂದೆ ಮೊದಲು ಹೋಗುವುದು ಉತ್ತವನು, ಉಣ್ಣುವವರು ಆಮೇಲೆ. ಅವತ್ತು ಪೊಂಗಲ್ ಕೂಡ ಮೊದಲು ಎತ್ತಿಗೆ.

ಆದರೆ ಎತ್ತು ಎಲ್ಲಿದೆ ಈಗ? ನಾನು ಮಗಳ ಬಾಣಂತನಕ್ಕೆ ಹೋಗಿದ್ದಾಗ ಇದ್ದ ಕೊನೇ ಜೋಡಿಯನ್ನು ಮಾರಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಟ್ರ್ಯಾಕ್ಟರ್ ಬಂತು, ಎತ್ತಿಗೆ ಯಾರು ಹುಲ್ಲು ಹಾಕುತ್ತಾರೆ ಅಂದರು. ನಾನು ಹಾಕುತ್ತಿರಲಿಲ್ಲವೇ? ಬಂದು ನೋಡಿದರೆ ಗೊಂತಿನಲ್ಲಿ ಬೈಕು ನಿಲ್ಲಿಸಿದ್ದರು. ಈಗ ಸಂಕ್ರಾಂತಿ ಬಂದರೆ ಪಕ್ಕದ ಬೀದಿಯವರ ಎತ್ತು ಕೇಳಿ ತಂದು, ಪಕ್ಕದಲ್ಲಿ ನಿಂತು, ಸ್ಟೇಟಸ್ಸಿಗೆ ಫೋಟೋ. ಮಾರಿದವರು ಈ ಗ್ರೂಪಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಕೊಂಬೆಣಸು ಮಾತ್ರ ನಾನು ಕೊಟ್ಟಿಲ್ಲ, ನನ್ನ ಟ್ರಂಕಿನಲ್ಲೇ ಇದೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುತ್ತಾರೆ, ಸಂಕ್ರಾಂತಿ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಅಯ್ಯೋ, ನೀನು ಕೇಳಿದ್ದು ಹುಡುಗನ ವಿಷಯ. ಅವನು ಎತ್ತು ಹಿಡಿದು ಓಡುವುದು ಬೇಡ. ಬೆಳಗ್ಗೆ ಮೈ ತೊಳೆಯಲಿ, ಕೊಂಬಿಗೆ ಬಣ್ಣ ಹಚ್ಚಲಿ, ಪೊಂಗಲ್ ತಿನ್ನಿಸಲಿ. ಹಟ ಅರ್ಧ ಇಳಿದಿರುತ್ತದೆ. ಸಂಜೆ ಗಾಳಿ ಬರುವ ಕಡೆ ನಿಲ್ಲಿಸಿಕೊ, ಹೊಗೆ ಕಿಡಿ ಆಚೆ ಹೋಗುತ್ತದೆ. ಎತ್ತು ಹಾರಿ ಇಳಿಯುವ ಜಾಗದ ಎದುರಿಗೆ ಮಾತ್ರ ಯಾರೂ ನಿಲ್ಲಬೇಡಿ. ಹತ್ತಿ ಬಟ್ಟೆ ಹಾಕು, ಆ ಮಿರಮಿರ ಮಿಂಚುವ ಕುರ್ತಾ ಬೇಡ. ಮೈಸೂರಿನಿಂದ ಮಧ್ಯಾಹ್ನದ ಒಳಗೆ ಹೊರಡಿ. ದಾರಿಯಲ್ಲಿ ಸಿಗುವ ಸಿದ್ದಲಿಂಗಪುರದಲ್ಲಿ ಕಿಚ್ಚು ಹಾಯಿಸುವುದು ರಸ್ತೆ ಮೇಲೇ, ಸಂಜೆಯಾದರೆ ಜನ ಸೇರಿ ಗಾಡಿ ಮುಂದೆ ಹೋಗಲ್ಲ. ಮತ್ತೆ ಅವರೆಕಾಯಿ ಬೇಕೋ ಸುಲಿದ ಕಾಳು ಬೇಕೋ ಇವತ್ತೇ ಹೇಳು, ನಾಳೆ ಸಂತೆ.