ಬಿಟ್‌ಕಾಯಿನ್‌ನಲ್ಲಿ ಒಂದು ಬಿಐಪಿಗೆ ಕೊನೆಗೆ ‘ಹೂಂ’ ಅನ್ನುವವರು ಯಾರು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಪೇಮೆಂಟ್ ಸಾಫ್ಟ್‌ವೇರ್ ಬರೆಯುವವನು. ನಮ್ಮಲ್ಲಿ ಟೀಮ್ ಲೀಡ್ ಒಪ್ಪಿದರೆ ಕೋಡ್ ಮರ್ಜ್ ಆಗುತ್ತದೆ, ಅಂದರೆ ಮುಖ್ಯ ಕೋಡ್‌ಗೆ ಸೇರುತ್ತದೆ, ಅಷ್ಟೇ. ಈಚೆಗೆ ಬಿಐಪಿಗಳನ್ನು, ಅಂದರೆ ಬಿಟ್‌ಕಾಯಿನ್‌ಗೆ ಬಂದ ಬದಲಾವಣೆಯ ಪ್ರಸ್ತಾಪಗಳನ್ನು ಓದುತ್ತಿದ್ದೇನೆ. ಬಿಐಪಿ 119ಕ್ಕೆ, ಅಂದರೆ ಕಾಯಿನ್ ಮುಂದೆ ಹೇಗೆ ಖರ್ಚಾಗಬೇಕು ಅಂತ ಮೊದಲೇ ಗೊತ್ತುಮಾಡುವ ಪ್ರಸ್ತಾಪಕ್ಕೆ, ನಂಬರ್ ಸಿಕ್ಕಿ ವರ್ಷಗಳಾದವು. ಕೋಡ್ ಕೂಡ ಬರೆದಾಗಿದೆ. ಆದರೂ ಮೇನ್‌ನೆಟ್‌ನಲ್ಲಿ (ನಿಜವಾದ ಹಣ ಓಡಾಡುವ ಜಾಲದಲ್ಲಿ) ಇಲ್ಲ. ತಡೆದವರು ಯಾರು? ಬಿಟ್‌ಕಾಯಿನ್‌ನ ಮುಖ್ಯ ಸಾಫ್ಟ್‌ವೇರ್ ಆದ ಬಿಟ್‌ಕಾಯಿನ್ ಕೋರ್‌ನಲ್ಲಿ ಮರ್ಜ್ ಮಾಡುವ ಹಕ್ಕು ಬೆರಳೆಣಿಕೆಯ ಮೆಂಟೇನರ್‌ಗಳಿಗೆ ಮಾತ್ರ ಇದೆ. ಅವರೇ ಯಜಮಾನರು ಅಲ್ವಾ?

ಉತ್ತರ 1:
ಮೆಂಟೇನರ್‌ಗಳಲ್ಲ, ಮೈನರ್‌ಗಳು, ಅಂದರೆ ವಹಿವಾಟುಗಳನ್ನು ಸೇರಿಸಿ ಹೊಸ ಬ್ಲಾಕ್ ಮಾಡುವವರು. ಬಿಐಪಿ 9ರ ಪ್ರಕಾರ 2016 ಬ್ಲಾಕ್‌ಗಳ ಒಂದು ಅವಧಿಯಲ್ಲಿ 95% ಸಿಗ್ನಲ್ (ಬ್ಲಾಕ್‌ನಲ್ಲಿ ಮೈನರ್ ಹಾಕುವ ‘ಸಿದ್ಧ’ ಅನ್ನುವ ಗುರುತು) ಬಂದರೆ ಸಾಫ್ಟ್ ಫೋರ್ಕ್ (ಹಳೆಯ ಸಾಫ್ಟ್‌ವೇರ್ ಕೂಡ ಒಪ್ಪುವ ನಿಯಮ ಬದಲಾವಣೆ) ಲಾಕ್ ಆಗುತ್ತದೆ, ಅಂದರೆ ಜಾರಿ ಖಚಿತವಾಗುತ್ತದೆ. ಇದು ಮತದಾನವೇ.

ಉತ್ತರ 2:
ಮತದಾನ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2017ರಲ್ಲಿ ಏನಾಯಿತು ನೋಡಿ.

ಸೆಗ್ವಿಟ್ (ಬಿಐಪಿ 141, ವಹಿವಾಟಿನ ಸಹಿಗಳನ್ನು ಬೇರೆಯಾಗಿ ಇಡುವ ಬದಲಾವಣೆ) ಕೋಡ್ ಸಿದ್ಧವಾಗಿತ್ತು. 2016ರ ನವೆಂಬರ್‌ನಲ್ಲಿ ಸಿಗ್ನಲ್ ಶುರುವಾಯಿತು. ತಿಂಗಳುಗಟ್ಟಲೆ ಕಾದರೂ 95ರ ಹತ್ತಿರವೂ ಬರಲಿಲ್ಲ. ಆಗ ಗುಪ್ತನಾಮದ ಒಬ್ಬ ಡೆವಲಪರ್ ಬಿಐಪಿ 148 ಬರೆದರು. ಆಗಸ್ಟ್ 1ರಿಂದ ಸೆಗ್ವಿಟ್‌ಗೆ ಸಿಗ್ನಲ್ ಕೊಡದ ಬ್ಲಾಕ್ ಬಂದರೆ ನಮ್ಮ ನೋಡ್ (ನಿಯಮ ಪರೀಕ್ಷಿಸುವ ನಮ್ಮದೇ ಕಂಪ್ಯೂಟರ್) ಅದನ್ನು ತಿರಸ್ಕರಿಸುತ್ತದೆ, ಇಷ್ಟೇ ಅದರ ಸಾರ. ಮೈನರ್ ಬ್ಲಾಕ್ ಮಾಡಬಹುದು. ಅದನ್ನು ಹಣ ಅಂತ ತಗೊಳ್ಳುವವರು ಇಲ್ಲದಿದ್ದರೆ ಕರೆಂಟ್ ಬಿಲ್ ಮಾತ್ರ ಉಳಿಯುತ್ತದೆ. ಆ ಗಡುವು ಬರುವ ಮುಂಚೆಯೇ ಬಿಐಪಿ 91 ಅನ್ನುವ ಇನ್ನೊಂದು ಪ್ರಸ್ತಾಪದ ಮೂಲಕ ಮೈನರ್‌ಗಳು ದಾರಿಗೆ ಬಂದರು. ಆಗಸ್ಟ್ 24ರಂದು, 481824ನೇ ಬ್ಲಾಕ್‌ನಲ್ಲಿ ಸೆಗ್ವಿಟ್ ಜಾರಿಯಾಯಿತು.

ಅದೇ ವರ್ಷ ಇನ್ನೊಂದು ಘಟನೆ. ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಕಂಪನಿಗಳು ನ್ಯೂಯಾರ್ಕ್ ಒಪ್ಪಂದಕ್ಕೆ ಸಹಿ ಹಾಕಿದವು. ಹ್ಯಾಶ್‌ಪವರ್‌ನಲ್ಲಿ (ಮೈನಿಂಗ್ ಶಕ್ತಿಯಲ್ಲಿ) 80%ಕ್ಕಿಂತ ಜಾಸ್ತಿ ತಮ್ಮ ಕಡೆ ಇದೆ ಅಂದವು. ಬ್ಲಾಕ್ ಸೈಜ್ ದುಪ್ಪಟ್ಟು ಮಾಡುವ ಸೆಗ್ವಿಟ್2ಎಕ್ಸ್ ಅವರ ಯೋಜನೆ. ನವೆಂಬರ್ 8ರಂದು ಅವರೇ ಅದನ್ನು ಕೈಬಿಟ್ಟರು. ಸಾಕಷ್ಟು ಒಮ್ಮತ ಇಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಮತದಾನವೇ ಆಗಿದ್ದರೆ ಅವರು ಗೆಲ್ಲಬೇಕಿತ್ತು.

ಮೆಂಟೇನರ್‌ಗಳ ವಿಷಯವೂ ಹಾಗೆಯೇ. ಅವರು ಮರ್ಜ್ ಮಾಡಿದ್ದನ್ನು ನಿಮ್ಮ ಕಂಪ್ಯೂಟರ್‌ಗೆ ಅವರು ಹಾಕಲಾರರು. ಕೋರ್‌ನಲ್ಲಿ ಆಟೋ ಅಪ್‌ಡೇಟ್ ಇಲ್ಲ. ಬೇಕೆಂದೇ ಇಟ್ಟಿಲ್ಲ. ನನಗೆ ಬಿಟ್‌ಕಾಯಿನ್‌ನಲ್ಲಿ ಅತಿ ಇಷ್ಟವಾದ ತೀರ್ಮಾನ ಇದು.

ಉತ್ತರ 3:
ಇನ್ನೊಂದು ಕ್ರಿಪ್ಟೋ ಜಾಲವಾದ ಇಥೀರಿಯಂನಲ್ಲಿ ದಾರಿ ಬೇರೆ. ಅಲ್ಲಿ ಕೋರ್ ಡೆವಲಪರ್‌ಗಳ ಕಾಲ್ ನಿಯಮಿತವಾಗಿ ನಡೆಯುತ್ತದೆ, ಯಾರು ಬೇಕಾದರೂ ನೋಡಬಹುದು. ಯಾವ ಇಐಪಿ (ಇಥೀರಿಯಂನ ಬದಲಾವಣೆಯ ಪ್ರಸ್ತಾಪ) ಮುಂದಿನ ಅಪ್‌ಗ್ರೇಡ್‌ಗೆ ಸೇರಬೇಕು ಅಂತ ಅದರ ಸಾಫ್ಟ್‌ವೇರ್ ಬರೆಯುವ ಕ್ಲೈಂಟ್ ತಂಡಗಳು ಅಲ್ಲೇ ಮಾತಾಡುತ್ತವೆ. ಹಲವು ಮೈನರ್‌ಗಳು ವಿರೋಧಿಸಿದರೂ ಇಐಪಿ 1559 (ಶುಲ್ಕದ ಒಂದು ಭಾಗ ಮೈನರ್‌ಗೆ ಹೋಗದಂತೆ ಮಾಡುವ ಬದಲಾವಣೆ) ಆಗಸ್ಟ್ 2021ರಲ್ಲಿ ಬಂತು. ಆದರೆ ಪ್ಯಾರಿಟಿ ವಾಲೆಟ್‌ನಲ್ಲಿ ಸಿಕ್ಕಿಬಿದ್ದ 5 ಲಕ್ಷಕ್ಕೂ ಹೆಚ್ಚು ಈಥರ್ (ಇಥೀರಿಯಂನ ನಾಣ್ಯ) ಬಿಡಿಸಲು ಬಂದ ಇಐಪಿ 999 ಜಗಳದಲ್ಲೇ ನಿಂತಿತು.

ಪ್ರಶ್ನೆ ಕೇಳಿದವರು:
ಉತ್ತರ 2 ಬರೆದವರಿಗೆ: ಸರಿ ಸರ್, ಯಜಮಾನರಿಲ್ಲ ಅಂತಾಯಿತು. ಹಾಗಾದರೆ ಬಿಐಪಿ 119ಕ್ಕೆ ಯಾರೂ ‘ಬೇಡ’ ಅನ್ನಲೇ ಇಲ್ವಾ?

ಉತ್ತರ 2:
ಅಂದವರು ಇದ್ದಾರೆ. 2022ರ ಏಪ್ರಿಲ್‌ನಲ್ಲಿ ಅದರ ಲೇಖಕ ಜೆರೆಮಿ ರೂಬಿನ್ ಜಾರಿಗೆ ದಾರಿ ಸೂಚಿಸಿದರು. ಪರಿಶೀಲನೆ ಸಾಲದು, ಇದಕ್ಕಿಂತ ಒಳ್ಳೆಯ ವಿನ್ಯಾಸ ಇರಬಹುದು ಅಂತ ಹಲವರು ತಡೆದರು. ನಂಬರ್ ಅಂದರೆ ಬರಹ ಕ್ರಮವಾಗಿದೆ ಅಂತಷ್ಟೇ. ನಂಬರ್ ಕೊಡುವ ಎಡಿಟರ್‌ಗಳು ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಪು ಕೊಡುವುದಿಲ್ಲ.

ಟ್ಯಾಪ್‌ರೂಟ್ ಅನ್ನುವ ಇನ್ನೊಂದು ಸಾಫ್ಟ್ ಫೋರ್ಕ್ ನೋಡಿ. ತಂತ್ರದ ಬಗ್ಗೆ ದೊಡ್ಡ ವಿರೋಧವೇ ಇರಲಿಲ್ಲ. ಆದರೂ ಮೊದಲ ಪ್ರಸ್ತಾಪದಿಂದ (ಜನವರಿ 2018) ಜಾರಿಗೆ (ನವೆಂಬರ್ 2021) ಸುಮಾರು 4 ವರ್ಷ ಹಿಡಿಯಿತು. ಹೇಗೆ ಜಾರಿ ಮಾಡಬೇಕು ಅನ್ನುವ ಜಗಳವೇ ತಿಂಗಳುಗಟ್ಟಲೆ ನಡೆಯಿತು.

ಈ ನಿಧಾನ ನನಗೆ ಸರಿ ಅನ್ನಿಸುತ್ತದೆ. ಜನರ ಉಳಿತಾಯ ಇದರಲ್ಲಿದೆ. ಆದರೆ ಒಂದು ನೋವೂ ಇದೆ. ವರ್ಷಗಟ್ಟಲೆ ದುಡಿದವರಿಗೆ ‘ಇಲ್ಲ’ ಅನ್ನುವ ಉತ್ತರವೂ ಸಿಗುವುದಿಲ್ಲ, ಸುಮ್ನೆ ಕಾಯಬೇಕು. ಓದಿ, ಪರೀಕ್ಷಿಸಿ, ತಪ್ಪು ತೋರಿಸುವವರು ತೀರಾ ಕಡಿಮೆ. ಅಲ್ಲಿ ನಿಮ್ಮಂಥವರು ಬೇಕು. 119ರ ಕೋಡ್ ಬಿಟ್‌ಕಾಯಿನ್ ಇನ್‌ಕ್ವಿಸಿಷನ್‌ನಲ್ಲಿದೆ (ಪ್ರಸ್ತಾಪಗಳನ್ನು ಪರೀಕ್ಷಿಸಲು ಮಾಡಿದ ಕೋರ್‌ನ ಇನ್ನೊಂದು ರೂಪ), ಸಿಗ್ನೆಟ್ ಅನ್ನುವ ಪರೀಕ್ಷಾ ಜಾಲದಲ್ಲಿ ಓಡಿಸಿ ನೋಡಬಹುದು.

ಪ್ರಶ್ನೆ ಕೇಳಿದವರು:
ಈ ಭಾನುವಾರ ಬಿಲ್ಡ್ ಮಾಡುತ್ತೇನೆ. ಸಿಗ್ನೆಟ್ ಕಾಯಿನ್ ಎಲ್ಲಿ ಸಿಗುತ್ತದೆ?

ಉತ್ತರ 2:
ಫಾಸೆಟ್‌ಗಳಲ್ಲಿ, ಅಂದರೆ ಪರೀಕ್ಷೆಯ ಕಾಯಿನ್ ಹಂಚುವ ವೆಬ್‌ಸೈಟ್‌ಗಳಲ್ಲಿ, ಪುಕ್ಕಟೆ. ಯಾರಿಗೂ ದುಡ್ಡು ಕೊಟ್ಟು ತಗೋಬೇಡಿ, ಅದಕ್ಕೆ ಬೆಲೆಯೇ ಇಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಎರರ್ ಇಲ್ಲೇ ಹಾಕಿ.